ಪಿಕಪ್ ಕೆಳಗೆ ಕೂರಿಸ್ತೀವಿ ಅಂತ ಸ್ಪ್ರಿಂಗ್ ಕತ್ತರಿಸುವವರ ಹತ್ತಿರ ಹೋಗಬೇಡಿ

"ಅರ್ಧ ದಿನದಲ್ಲಿ ಗಾಡಿ ಕೆಳಗೆ ಕೂರಿಸಿ ಕೊಡ್ತೀವಿ, ರೈಡ್ ಮೊದಲಿನ ಹಾಗೇ ಇರುತ್ತೆ" ಎಂದು ಯಾವ ಗ್ಯಾರೇಜಿನವರಾದರೂ ಹೇಳಿದರೆ, ಒಳಗೆ ಗ್ಯಾಸ್ ಕಟರ್ ರೆಡಿ ಇಟ್ಟಿದ್ದಾರಾ ನೋಡಿ. ಇಟ್ಟಿದ್ದರೆ ಗಾಡಿ ತಿರುಗಿಸಿಕೊಂಡು ಬಂದುಬಿಡಿ. ವಿಜಯಪುರದ ಒಂದು ಗ್ಯಾರೇಜಿನಲ್ಲಿ ನನ್ನ ಪಿಕಪ್‌ಗೆ ಏನಾಯಿತು ಎಂದು ಬರೆಯುತ್ತಿದ್ದೇನೆ. ಹೆಸರು ಬೇಡ. ಈ ಕೆಲಸ ಮಾಡುವವರು ಅವರೊಬ್ಬರೇ ಅಲ್ಲ.

ನನ್ನದು ಡಬಲ್ ಕ್ಯಾಬ್ ಗಾಡಿ. ಮುಂದೆ ಸುರುಳಿಯಂಥ ಕಾಯಿಲ್ ಸ್ಪ್ರಿಂಗ್, ಹಿಂದೆ ಪಾಟಾ, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ತಿಕೋಟಾ ಕಡೆಯ ಶೆಡ್ಡುಗಳಿಂದ ಒಣದ್ರಾಕ್ಷಿ ಬಾಕ್ಸ್ ತರುವ ಕೆಲಸ. ಎದೆಮಟ್ಟಕ್ಕೆ ಬಾಕ್ಸ್ ಎತ್ತಿ ಎತ್ತಿ ಹುಡುಗರಿಗೆ ಸೊಂಟನೋವು. ಅವ್ವನಿಗಂತೂ ಮುಂದಿನ ಸೀಟಿಗೆ ಹತ್ತಲು ಯಾರಾದರೂ ಕೈ ಹಿಡಿಯಬೇಕು. ಒಂದೆರಡು ಇಂಚು ಇಳಿದರೆ ಎಲ್ಲರಿಗೂ ಸಲೀಸು. ನೋಡಲೂ ಚಂದ ಕಾಣುತ್ತೆ, ಅದನ್ನೇನು ಮುಚ್ಚಿಡೋದು.

"ಏನೂ ಆಗೂದಿಲ್ರೀ ಅಣ್ಣಾರ. ಮುಂದ ಎರಡ ಸುತ್ತ ತಗೀತೀವಿ, ಹಿಂದ ಎರಡ ಪಾಟಾ. ಗಾಡಿ ಹಂಗ ಕುಂತ ಬಿಡ್ತದ" ಎಂದ ಮೇಸ್ತ್ರಿ.

ಕುಂತದ್ದು ಖರೆ. ಆದರೆ ಕೇಳಿದ್ದಕ್ಕಿಂತ ಜಾಸ್ತಿ ಕುಂತಿತು. ಇಂಥ ಗಾಡಿಗಳಲ್ಲಿ ಸ್ಪ್ರಿಂಗ್ ಇರುವುದು ಚಕ್ರದ ಪಕ್ಕದಲ್ಲಲ್ಲ, ಒಳಗೆ, ಚಕ್ರವನ್ನು ಚಾಸಿಗೆ ಜೋಡಿಸುವ ಆರ್ಮ್ ಮೇಲೆ. ಸ್ಪ್ರಿಂಗ್ ಒಂದು ಇಂಚು ಗಿಡ್ಡವಾದರೆ ಚಕ್ರದ ಹತ್ತಿರ ಗಾಡಿ ಒಂದೂವರೆ, ಎರಡು ಇಂಚು ಇಳಿಯುತ್ತದೆ. ಈ ಲೆಕ್ಕ ಕತ್ತರಿಸುವ ಮುಂಚೆ ಹಾಕಬೇಕಿತ್ತು ಅಲ್ವಾ?

ಇನ್ನೊಂದು ಲೆಕ್ಕವೂ ಇದೆ. ಸ್ಪ್ರಿಂಗ್ ಸುತ್ತು ಕಡಿಮೆ ಮಾಡಿದರೆ ಅದು ಮೆತ್ತಗಾಗುವುದಿಲ್ಲ, ಗಟ್ಟಿಯಾಗುತ್ತದೆ. ಕೆಲಸ ಮಾಡುವ ಎಂಟು ಸುತ್ತಿನಲ್ಲಿ ಎರಡು ತೆಗೆದರೆ ಸುಮಾರು 33 ಪರ್ಸೆಂಟ್ ಗಟ್ಟಿ. ಅಂದರೆ ಚಕ್ರ ಮೇಲೆ ಕೆಳಗೆ ಆಡುವ ಜಾಗವೂ ಕಡಿಮೆ, ಸ್ಪ್ರಿಂಗ್ ಕೂಡ ಬಿಗಿ. ಸಾಲದ್ದಕ್ಕೆ ಗ್ಯಾಸ್ ಕಟರ್‌ನ ಬಿಸಿಗೆ ಉಕ್ಕಿನ ಹದ ಕೆಡುತ್ತದೆ. ನನ್ನ ಸ್ಪ್ರಿಂಗ್ ಬಿಚ್ಚಿ ನೋಡಿದಾಗ ಕತ್ತರಿಸಿದ ತುದಿ ನೀಲಿಗಟ್ಟಿತ್ತು. ಕಂಪನಿಯಿಂದ ಬಂದ ತುದಿ ಸೀಟಿನಲ್ಲಿ, ಅಂದರೆ ಸ್ಪ್ರಿಂಗ್ ನಿಲ್ಲುವ ತಟ್ಟೆಯಲ್ಲಿ, ಸರಿಯಾಗಿ ಕೂರುವ ಹಾಗೆ ಇರುತ್ತದೆ. ಇದು ಅಡ್ಡಾದಿಡ್ಡಿ ನಿಂತು ಸೀಟಿನ ರಬ್ಬರನ್ನೇ ಕೊರೆದುಹಾಕಿತ್ತು.

ನಮ್ಮ ರಸ್ತೆ ನಿಮಗೆ ಗೊತ್ತು. ಎರೆ ಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿದು, ಡಾಂಬರು ಅಲೆ ಅಲೆಯಾಗಿ ನಿಂತಿರುತ್ತದೆ. ಹಂಪ್ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್ ಇರಬೇಕು ಅಂತ ರಸ್ತೆ ಇಂಜಿನಿಯರ್‌ಗಳ ಮಾನದಂಡ ಹೇಳುತ್ತದೆ. ಊರ ಮುಂದೆ ರಾತ್ರೋರಾತ್ರಿ ಹಾಕುವ ಹಂಪ್‌ಗೆ ಅದೆಲ್ಲ ಯಾರಿಗೆ ಬೇಕು. ಲೋಡ್ ಹಾಕಿಕೊಂಡು ಅಥಣಿ ರಸ್ತೆಗೆ ಇಳಿದರೆ ಹಿಂದಿನ ಆಕ್ಸಲ್ ಪ್ರತಿ ಉಬ್ಬಿಗೂ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರಿಗೆ, ಅಂದರೆ ಬಂಪ್ ಸ್ಟಾಪ್‌ಗೆ ಧಡ್ ಎಂದು ಬಡಿಯುತ್ತಿತ್ತು. ಆ ರಬ್ಬರು ಪುಡಿಪುಡಿಯಾಯಿತು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ. ಶಾಕ್ ಅಬ್ಸಾರ್ಬರ್ ಹಳೇ ಉದ್ದದ್ದೇ ಆದ್ದರಿಂದ ಅರ್ಧ ಒಳಗೆ ಹೋಗಿಯೇ ಕೂತಿತ್ತು. ಅದರ ಆಯಿಲ್ ಸೀಲ್ ಹೋಯಿತು. ಮುಂದಿನ ಟೈರುಗಳು ಒಳಗಡೆಯಿಂದ ಸವೆದವು, ಹೊರಗೆ ನೋಡಿದರೆ ಹೊಸದರ ಹಾಗೆ. ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸೋದು) ಮಾಡಿಸಿ ಅಂತ ಗ್ಯಾರೇಜಿನವರು ಒಂದು ಮಾತೂ ಹೇಳಿರಲಿಲ್ಲ.

ಇದೆಲ್ಲ ಖರ್ಚಿನ ಮಾತು. ನಿಜವಾಗಿ ಹೆದರಿಸಿದ್ದು ಬ್ರೇಕು. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿಗೆ ಒಂದು ಸಣ್ಣ ರಾಡ್ ಹೋಗಿರುತ್ತದೆ, ಅದರ ತುದಿಗೆ ಒಂದು ವಾಲ್ವ್. ಲೋಡ್ ಬಿದ್ದು ಗಾಡಿ ಕುಂತಷ್ಟೂ ಹಿಂದಿನ ಬ್ರೇಕಿಗೆ ಅದು ಜಾಸ್ತಿ ಒತ್ತಡ ಬಿಡುತ್ತದೆ. ಪಾಟಾ ತೆಗೆದು ಕೂರಿಸಿದ ಗಾಡಿ ಖಾಲಿ ಇದ್ದರೂ ವಾಲ್ವಿಗೆ ಅದು ಲೋಡ್ ಗಾಡಿಯೇ. ಮಳೆ ಬಿದ್ದ ಸೊಲ್ಲಾಪುರ ರಸ್ತೆಯಲ್ಲಿ ಬ್ರೇಕ್ ಒತ್ತಿದೆ, ಹಿಂದಿನ ಚಕ್ರ ಲಾಕ್ ಆಗಿ ಗಾಡಿಯ ಹಿಂಭಾಗ ಪಕ್ಕಕ್ಕೆ ಜಾರಿತು. ಎದುರಿಗೆ ಯಾರೂ ಇರಲಿಲ್ಲ, ಪುಣ್ಯ. ಆ ರಾಡ್ ಮತ್ತೆ ಸೆಟ್ ಮಾಡಬೇಕು ಎಂದು ಗ್ಯಾರೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದೂ ಬಿಟ್ಟಿದ್ದರೆ ಇನ್ನೂ ಕೆಟ್ಟದ್ದು.

ವಾಪಸ್ ಹೋಗಿ ಕೇಳಿದರೆ "ಲೋಡ್ ಜಾಸ್ತಿ ಹಾಕೀರಿ" ಎಂದರು. ಮುಗೀತು ಕಥೆ.

ಕೊನೆಗೆ ಬರೀ ಪಾಟಾ ಕೆಲಸವನ್ನೇ ಮಾಡುವ ಹಳೇ ಅಂಗಡಿಗೆ ಹೋದೆ. ಅಲ್ಲಿನ ಕಾಕಾ ಗಾಡಿ ಕೆಳಗೆ ಬಗ್ಗಿ ನೋಡಿ, "ಪಾಟಾ ತಗದ್ರ ಗಾಡಿ ಇಳೀತದ, ಖರೆ. ಆಡಾಕ ಜಾಗಾ ಎಲ್ಲಿ ಬಿಟ್ಟಾರ?" ಎಂದರು. ತೆಗೆದ ಎರಡರಲ್ಲಿ ಒಂದು ತಳದ ದಪ್ಪ ಪಾಟಾ. ಖಾಲಿ ಗಾಡಿಯಲ್ಲಿ ಅದು ಸುಮ್ನೆ ಇರುತ್ತದೆ, ಲೋಡ್ ಬಿದ್ದಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಅದನ್ನು ತೆಗೆದರೆ ಎತ್ತರ ಇಳಿಯುವುದು ಅಷ್ಟಕ್ಕಷ್ಟೇ, ಭಾರ ತಡೆಯುವ ಶಕ್ತಿ ಮಾತ್ರ ತುಂಬಾ ಕಡಿಮೆಯಾಗುತ್ತದೆ. ಇಳಿಸಲೇಬೇಕಿದ್ದರೆ ಪಾಟಾ ಅಷ್ಟೂ ಇಟ್ಟುಕೊಂಡು ಬಾಗು ಮಾತ್ರ ಕಡಿಮೆ ಮಾಡಬೇಕು, ಅದೂ ಒಂದೂವರೆ ಇಂಚಿನೊಳಗೆ. ಮುಂದೆ ಆ ಎತ್ತರಕ್ಕೆಂದೇ ಮಾಡಿದ ಸ್ಪ್ರಿಂಗ್, ಅದಕ್ಕೆ ಹೊಂದುವ ಗಿಡ್ಡ ಶಾಕ್, ಗಿಡ್ಡ ಬಂಪ್ ಸ್ಟಾಪ್. ಪಾಟಾವನ್ನು ಆಕ್ಸಲ್‌ಗೆ ಬಿಗಿಯುವ ಯೂ ಬೋಲ್ಟ್ ಹೊಸದೇ ಹಾಕಬೇಕು, ಒಮ್ಮೆ ಎಳೆದು ಬಿಗಿದದ್ದನ್ನು ಮತ್ತೆ ನಂಬುವ ಹಾಗಿಲ್ಲ. ಆಮೇಲೆ ಅಲೈನ್‌ಮೆಂಟ್, ಬ್ರೇಕ್ ರಾಡ್, ಹೆಡ್‌ಲೈಟ್ ಎಲ್ಲ ಮತ್ತೆ ಸೆಟ್ ಮಾಡಿಸಬೇಕು. ಇಷ್ಟಕ್ಕೂ ಆಗುವ ಖರ್ಚು ಕೇಳಿದರೆ ಅರ್ಧ ಜನ ಆಸೆಯನ್ನೇ ಬಿಡುತ್ತಾರೆ.

ಕಾಗದದ ವಿಷಯವೂ ಇದೆ. ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ. 2019ರ ತಿದ್ದುಪಡಿಯಲ್ಲಿ ಬದಲಾದ 182ಎ ಪ್ರಕಾರ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಗ್ಯಾರೇಜಿನವರು ಇದನ್ನಂತೂ ಹೇಳಲ್ಲ. ಮೊದಲು ಆರ್‌ಟಿಒ ಕಚೇರಿಯಲ್ಲಿ, ಆಮೇಲೆ ಇನ್ಶೂರೆನ್ಸ್‌ನವರಲ್ಲಿ ಕೇಳಿಕೊಳ್ಳಿ. ಕತ್ತರಿಸಿದ ಸ್ಪ್ರಿಂಗ್ ಸರ್ವೇಯರ್ ಕಣ್ಣಿಗೆ ಬಿದ್ದರೆ ಕ್ಲೇಮ್‌ಗೆ ತಕರಾರು ಗ್ಯಾರಂಟಿ.

ನನ್ನ ಗಾಡಿ ಈಗ ಕಂಪನಿ ಎತ್ತರಕ್ಕೇ ಬಂದಿದೆ. ಅವ್ವನಿಗೆ ಬಾಗಿಲ ಕೆಳಗೆ ಫುಟ್‌ಸ್ಟೆಪ್ ಹಾಕಿಸಿದೆ, ಶೆಡ್ಡಿನಲ್ಲಿ ಲೋಡ್ ಮಾಡಲು ಮಣ್ಣಿನ ದಿಬ್ಬ ಹಾಕಿ ಅದಕ್ಕೆ ಗಾಡಿ ಹಿಮ್ಮುಖ ನಿಲ್ಲಿಸುತ್ತೇವೆ. ಎರಡಕ್ಕೂ ಸೇರಿ ಆದ ಖರ್ಚು ಒಂದು ಟೈರಿನ ಬೆಲೆಯೂ ಇಲ್ಲ.

ಇನ್ನೊಂದು ಮಾತು. ಏನೇ ಬಿಚ್ಚಿಸಿದರೂ ಬಿಚ್ಚಿದ ಪಾಟಾ, ಸ್ಪ್ರಿಂಗ್ ಎಲ್ಲ ಅಲ್ಲೇ ನಿಂತು ಗಾಡಿಯ ಹಿಂದೆ ಹಾಕಿಸಿಕೊಂಡು ಮನೆಗೆ ತನ್ನಿ. ನನ್ನ ಪಾಟಾ ಕೇಳಲು ಹೋಗುವಷ್ಟರಲ್ಲಿ ಅವು ಗುಜರಿಗೆ ಹೋಗಿದ್ದವು. ಹೊಸದಕ್ಕೆ ದುಡ್ಡು ಕೊಟ್ಟವನು ನಾನೇ.