ಸರಸ್ವತಿಪುರಂನ ಶನಿವಾರದ ಇತಿಹಾಸ ತರಗತಿ

ಮೈಸೂರಿನ ಸರಸ್ವತಿಪುರಂನಲ್ಲಿ ಮನೆಯೊಂದರ ಮಹಡಿಯ ಮೇಲೆ ನಡೆಯುವ ಇತಿಹಾಸ ತರಗತಿಗೆ 100 ರೂಪಾಯಿ ಶುಲ್ಕ. ಈ ವಾರದ ವಿಷಯ ವಿಯೆಟ್ನಾಮಿನ ‘ಡಾಂಗ್ ಡು’, ಅಂದರೆ ಪೂರ್ವಯಾತ್ರೆ ಚಳವಳಿ. 1904ರಲ್ಲಿ ಗೆಳೆಯರೊಡನೆ ಗುಪ್ತ ಸಂಘ ಕಟ್ಟಿದ ಕ್ರಾಂತಿಕಾರಿ ಫಾನ್ ಬೋಯ್ ಚೌ, ಮರುವರ್ಷ, ಆಗ ವಿಯೆಟ್ನಾಮನ್ನು ಆಳುತ್ತಿದ್ದ ಫ್ರೆಂಚರ ವಿರುದ್ಧ ಶಸ್ತ್ರಾಸ್ತ್ರದ ನೆರವು ಕೇಳಲು ಜಪಾನಿಗೆ ಹೋಗಿ, ಮೊದಲು ಜನರನ್ನು ಸಜ್ಜುಗೊಳಿಸಬೇಕೆಂಬ ಸಲಹೆಗೆ ಓಗೊಟ್ಟು, ತರುಣರನ್ನು ಓದಿಗಾಗಿ ಗುಟ್ಟಾಗಿ ಅಲ್ಲಿಗೆ ಕರೆಸಿಕೊಂಡ ಬಗೆಯನ್ನು ಮೇಷ್ಟ್ರು ಸಾವಧಾನವಾಗಿ ಬಿಡಿಸಿ ಹೇಳಿದರು. ಹಾಂಗ್‌ಕಾಂಗ್ ಬಳಸಿ ಯೊಕೊಹಾಮಾಕ್ಕೆ ಸಾಗುವ ಹಾದಿಯನ್ನು ಕರಿಹಲಗೆಯ ಮೇಲೆ ಎಳೆಯುತ್ತಿದ್ದಾಗ ಸೀಮೆಸುಣ್ಣ ಮುರಿಯಿತು. ಉಳಿದ ಸಮುದ್ರವನ್ನು ಅವರು ಬೆರಳಿನಲ್ಲೇ ದಾಟಿಸಿದರು. ಮೈಸೂರು ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಹೊರದೇಶಕ್ಕೆ ಹೋದವರು ಹೀಗೆ ಕದ್ದು ಹಡಗು ಹತ್ತಬೇಕಿರಲಿಲ್ಲವಲ್ಲ ಎಂದು ನನಗೆ ಅನ್ನಿಸಿತು.

1908ರ ಹೊತ್ತಿಗೆ ವಿದ್ಯಾರ್ಥಿಗಳ ಸಂಖ್ಯೆ ಸುಮಾರು 200 ಮುಟ್ಟಿತ್ತು. ಆದರೆ 1907ರಲ್ಲೇ ಫ್ರಾನ್ಸಿನೊಡನೆ ಒಪ್ಪಂದ ಮಾಡಿಕೊಂಡಿದ್ದ ಜಪಾನ್, ಒತ್ತಡಕ್ಕೆ ಮಣಿದು ಅವರನ್ನು ಚದುರಿಸಿತು. 1909ರಲ್ಲಿ ಫಾನ್ ಕೂಡ ಅಲ್ಲಿಂದ ಹೊರಡಬೇಕಾಯಿತು. ಈ ಭಾಗವನ್ನು ಹತ್ತೇ ನಿಮಿಷದಲ್ಲಿ ಮುಗಿಸಿದ್ದು ತರಗತಿಯ ದೊಡ್ಡ ಕೊರತೆ. ಹಂಚಿದ ಜೆರಾಕ್ಸ್ ಪ್ರತಿಯಲ್ಲಿ ಇಸವಿಗಳೇ ಮಾಸಿಹೋಗಿದ್ದವು. ಕಾಫಿ ಮಾತ್ರ ಚೆನ್ನಾಗಿತ್ತು. ಮುಂದಿನ ಶನಿವಾರಕ್ಕೂ ಹಣ ಕಟ್ಟಿ ಬಂದಿದ್ದೇನೆ.