ದುಡ್ಡು ಕೊಟ್ಟು ಗಾಳ ಹಾಕುವ ಕೆರೆ: ಮೂರು ಬೇಸಿಗೆ ಕಳೆದ ಮೇಲೆ

ಬೆಂಗಳೂರಿನಿಂದ ಒಂದೂವರೆ ಗಂಟೆ ದೂರದ ಒಂದು ಖಾಸಗಿ ಕೆರೆಗೆ 2023ರ ಮಾರ್ಚಿನಿಂದ ಹೋಗಿಬರುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಮುಂದೆ ಒಂದೆರಡು ದೂರು ಹೇಳುವುದಿದೆ, ಆ ಜನ ಕೆಟ್ಟವರೇನೂ ಅಲ್ಲ. ಕೆರೆ ಅಂದರೆ ಹೆಚ್ಚೂಕಮ್ಮಿ ಮೂರು ಎಕರೆ ನೀರು, ಒಂದು ಬದಿಗೆ ಏರಿ, ಏರಿಯ ಮೇಲೆ ಸಾಲಾಗಿ ಹೊಂಗೆ ಮರ, ಕೂರುವುದಕ್ಕೆ ಹನ್ನೆರಡು ಕಟ್ಟೆ. ಕಾಟ್ಲಾ, ರೋಹು, ಮೃಗಾಲ್, ಕಾಮನ್ ಕಾರ್ಪ್, ಜೊತೆಗೆ ಒಂದಷ್ಟು ಹುಲ್ಲುಗೆಂಡೆ ಬಿಟ್ಟಿದ್ದಾರೆ. ಅರ್ಧ ದಿನಕ್ಕೆ ಮೊದಲು 500 ರೂಪಾಯಿ ಇತ್ತು, ಈಗ 800. ಹಿಡಿದು ವಾಪಸ್ ಬಿಟ್ಟರೆ ಅಷ್ಟೇ ಖರ್ಚು. ಮನೆಗೆ ಒಯ್ಯುವುದಾದರೆ ತೂಕ ಹಾಕಿಸಿ ಬೇರೆ ಕೊಡಬೇಕು.

ಮಳೆಗಾಲದ್ದು ಹೇಳುವುದಕ್ಕೆ ಹೆಚ್ಚೇನಿಲ್ಲ. ಜುಲೈಯಿಂದ ನವೆಂಬರಿನವರೆಗೆ ಯಾರು ಹೋಗಿ ಕೂತರೂ ಏನಾದರೊಂದು ಕಚ್ಚುತ್ತದೆ. ಜಾಗದ ಬಣ್ಣ ಗೊತ್ತಾಗುವುದು ಯುಗಾದಿ ಕಳೆದ ಮೇಲೆ. ಆಗ ಮೀನು ಸಿಗುವುದು ಬಿಡುವುದು ನನ್ನ ಕೈಚಳಕಕ್ಕಿಂತ ಹೆಚ್ಚಾಗಿ ಹಿಂದಿನ ರಾತ್ರಿ ಅಲ್ಲಿ ಏರೇಟರ್, ಅಂದರೆ ನೀರಿಗೆ ಗಾಳಿ ಸೇರಿಸುವ ಯಂತ್ರ, ತಿರುಗಿತ್ತೋ ಇಲ್ಲವೋ ಅನ್ನುವುದರ ಮೇಲೆ ನಿಂತಿರುತ್ತದೆ. ಇದು ತಲೆಗೆ ಹತ್ತಲು ನನಗೆ ಎರಡು ಬೇಸಿಗೆ ಬೇಕಾಯಿತು.

ಮೊದಲ ಬೇಸಿಗೆ ಪೂರ್ತಿ ದಡ್ಡತನದಲ್ಲೇ ಹೋಯಿತು. ಭಾನುವಾರ ನಿಧಾನವಾಗಿ ಎದ್ದು, ಚಿತ್ರಾನ್ನ ಕಟ್ಟಿಸಿಕೊಂಡು, ಹನ್ನೊಂದಕ್ಕೆ ಹೋಗಿ ಛತ್ರಿ ಬಿಚ್ಚಿ ಕೂರುತ್ತಿದ್ದೆ. ನಾಲ್ಕು ಗಂಟೆಯವರೆಗೆ ಗಾಳದ ದಾರಕ್ಕೆ ಕಟ್ಟಿ ತೇಲಿಬಿಟ್ಟ ಬೆಂಡು ಅಲ್ಲಾಡುತ್ತಿರಲಿಲ್ಲ. ಎರೆಹುಳು ತೆಗೆದು ರಾಗಿಮುದ್ದೆ, ಮುದ್ದೆ ತೆಗೆದು ಬ್ರೆಡ್ಡು, ಬ್ರೆಡ್ಡು ತೆಗೆದು ಮತ್ತೆ ಎರೆಹುಳು. ತಮಾಷೆಯೆಂದರೆ ಮೀನು ಕಣ್ಣೆದುರೇ ಇರುತ್ತಿತ್ತು. ತೂಬಿನ ಪಕ್ಕ ಮರದ ನೆರಳು ಬೀಳುವ ಕಡೆ ಏಳೆಂಟು ದಪ್ಪ ಮೀನು ಬಸ್ಸಿಗೆ ಕಾದವರ ಹಾಗೆ ಸುಮ್ಮನೆ ನಿಂತಿರುತ್ತಿದ್ದವು. ಮೂತಿಯ ಮುಂದೆಯೇ ಮುದ್ದೆ ಇಳಿಸಿದರೂ ತಿರುಗಿ ನೋಡುತ್ತಿರಲಿಲ್ಲ.

2024ರಲ್ಲಿ ಒಂದು ಥರ್ಮಾಮೀಟರ್ ಕೊಂಡು ದಾರಕ್ಕೆ ಕಟ್ಟಿ ಇಳಿಸತೊಡಗಿದೆ. ಆ ವರ್ಷ ನೆನಪಿದೆಯಲ್ಲ, ಹಿಂದಿನ ಮುಂಗಾರು ಕೈಕೊಟ್ಟಿತ್ತು, ಏಪ್ರಿಲ್ 28ಕ್ಕೆ ಬೆಂಗಳೂರಿನಲ್ಲೇ 38.5 ಡಿಗ್ರಿ. ಆ ವಾರ ನಮ್ಮ ಕೆರೆಯಲ್ಲಿ ಮಧ್ಯಾಹ್ನ ಎರಡಕ್ಕೆ ಮೇಲ್ನೀರು 34, ಐದಡಿ ಕೆಳಗೆ 29. ಹಾಗಾದರೆ ಮೀನು ತಣ್ಣಗಿರುವ ತಳಕ್ಕೆ ಹೋಗಿರಬೇಕು ಅಂದುಕೊಂಡು ಇಡೀ ದಿನ ತಳಕ್ಕೇ ಗಾಳ ಇಳಿಸಿದೆ. ಏನೂ ಇಲ್ಲ. ಬಿಸಿನೀರು ಹಗುರ, ಮೇಲೆ ತೇಲುತ್ತದೆ. ತಣ್ಣೀರು ಕೆಳಗೆ ಕೂತುಬಿಡುತ್ತದೆ. ಗಾಳಿಯಿಲ್ಲದ ದಿನಗಳಲ್ಲಿ ಎರಡೂ ಬೆರೆಯುವುದಿಲ್ಲ. ತಳದಲ್ಲಿ ಕೊಳೆಯುವ ಎಲೆ, ಉಳಿದ ಮೇವು ಅಲ್ಲಿನ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತವೆ. ಮೇಲೆ ಸೆಕೆ, ಕೆಳಗೆ ಉಸಿರಿಲ್ಲ, ಮೀನು ನಡುವೆ ಸಿಕ್ಕಿಕೊಳ್ಳುತ್ತದೆ. ಅವತ್ತಿನಿಂದ ಬೇಸಿಗೆಯಲ್ಲಿ ಹುಕ್ ನಡುನೀರಿನಲ್ಲೇ ನಿಲ್ಲುವ ಹಾಗೆ ಬೆಂಡನ್ನು ಎರಡೂವರೆ ಅಡಿಗೆ ಕಟ್ಟುತ್ತೇನೆ. ಮೃಗಾಲ್ ಮತ್ತು ಕಾಮನ್ ಕಾರ್ಪ್ ತಳದಲ್ಲಿ ಮೇಯುವ ಮೀನು, ರೋಹು ನಡುನೀರಿನದು, ಕಾಟ್ಲಾ ಮೇಲಿನದು ಅನ್ನುವ ಪಾಠ ಏಪ್ರಿಲ್ ತಿಂಗಳಲ್ಲಿ ಅಷ್ಟಾಗಿ ನಡೆಯುವುದಿಲ್ಲ.

ಇದಕ್ಕಿಂತ ದೊಡ್ಡ ಪಾಠ ಕಲಿಸಿದವರು ಕೆರೆ ನೋಡಿಕೊಳ್ಳುವ ಯಜಮಾನರು. ಒಂದು ದಿನ ಬೆಳಿಗ್ಗೆ ಐದೂವರೆಗೇ ಹೋದೆ. ನೀರಿನ ತುಂಬ ಮೀನಿನ ಬಾಯಿ. ಒಂದೊಂದೂ ಮೂತಿ ಮೇಲೆತ್ತಿ ಪಚಕ್ ಪಚಕ್ ಅನ್ನುತ್ತಿದೆ. ಬೀಡಿ ಹಚ್ಚುವಷ್ಟು ಹೊತ್ತೂ ತಡೆಯದೆ ನಾನು ಗಾಳ ಬಿಚ್ಚತೊಡಗಿದೆ. ಅವರು ಏರಿ ಮೇಲಿಂದಲೇ ಕೂಗಿದರು: "ಬ್ಯಾಡಿ ಸಾ, ಅವು ಊಟಕ್ ಬಂದಿಲ್ಲ, ಉಸುರ್ಗೆ ಬಂದವೆ."

ಹಗಲು ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ ಮೀನಿನ ಜೊತೆ ಪೈಪೋಟಿಗೆ ಬಿದ್ದು ಉಸಿರಾಡುತ್ತದೆ. ಹಾಗಾಗಿ ನೀರು ಅತಿ ಬಡವಾಗುವುದು ಸೂರ್ಯ ಹುಟ್ಟುವ ಮುಂಚೆ. ಮೊದಲೇ ಬಿಸಿನೀರಿಗೆ ಹಿಡಿದಿಟ್ಟುಕೊಳ್ಳುವ ಶಕ್ತಿ ಕಮ್ಮಿ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಗೆ ಏಳೂವರೆಗೆ ಇಳಿಯುತ್ತದೆ. ಅದು ಸಮುದ್ರಮಟ್ಟದ ಲೆಕ್ಕ, ನಮ್ಮ ಬಯಲುಸೀಮೆಯ ಎತ್ತರಕ್ಕೆ ಇನ್ನೂ ಕಡಿಮೆ. ಅದೇ ಹೊತ್ತಿಗೆ ಸೆಕೆಗೆ ಮೀನಿನ ಮೈ ಹೆಚ್ಚು ಉಸಿರು ಕೇಳುತ್ತದೆ. "ಬೇಸಿಗೆಯಲ್ಲಿ ನಸುಕಿಗೇ ಹೋಗಿ" ಅಂತ ಎಲ್ಲರೂ ಹೇಳುವುದನ್ನು ನಾನೂ ನಂಬಿದ್ದೆ. ಈಗ ಏಳೂವರೆ ಎಂಟಕ್ಕೆ ಶುರು ಮಾಡಿ ಹತ್ತಕ್ಕೆ ಸುತ್ತಿಡುತ್ತೇನೆ, ಅಥವಾ ಸಂಜೆ ಐದರಿಂದ ಕತ್ತಲಾಗುವವರೆಗೆ. ಸಂಜೆಯೇ ಮೇಲು. ನನ್ನ ಅತಿ ದೊಡ್ಡ ಕಾಟ್ಲಾ, ಆರೂಕಾಲು ಕೆಜಿ, ಮೇ ತಿಂಗಳ ಒಂದು ಸಂಜೆ ಆರೂವರೆಗೆ ಸಿಕ್ಕಿದ್ದು.

ಕೆರೆಯವರ ಒಳ್ಳೆಯ ಕೆಲಸಗಳನ್ನೂ ಹೇಳಬೇಕು. 2024ರಲ್ಲಿ ಎರಡು ಏರೇಟರ್ ಹಾಕಿದರು, ನೀರನ್ನು ಚಕ್ರದಿಂದ ಬಡಿಯುತ್ತವಲ್ಲ ಆ ಥರದವು. ಬೋರ್‌ವೆಲ್ ನೀರನ್ನು ನೇರ ಬಿಡದೆ ಎತ್ತರದಿಂದ ಕಲ್ಲಿನ ಮೇಲೆ ಬೀಳಿಸಿ ಬಿಡುತ್ತಾರೆ. ನೆಲದೊಳಗಿನ ನೀರಿಗೆ ಗಾಳಿ ತಾಕಿರುವುದಿಲ್ಲ, ಹಾಗೆ ಬಡಿದರೆ ಸೇರುತ್ತದೆ. ಏಪ್ರಿಲ್, ಮೇನಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಗಾಳ ಹಾಕಲು ಬಿಡುವುದಿಲ್ಲ. ಹಿಡಿದ ಮೀನನ್ನು ಬಲೆಚೀಲದಲ್ಲಿ ಕೂಡಿಡುವುದು ಬಂದ್. ಮೀನು ಸೆಳೆಯಲು ನೀರಿಗೆ ಎರಚುವ ಮೇವಿಗೂ ಮಿತಿ ಹಾಕಿದ್ದಾರೆ, ತಲೆಗೆ ಅರ್ಧ ಕೆಜಿ. ಇದಕ್ಕೆ ಬೈದವರು ಬಹಳ. ನನಗಂತೂ ಸರಿ ಅನ್ನಿಸಿತು. ಅದಕ್ಕೂ ಮುಂಚೆ ಒಂದು ಶನಿವಾರ ಯಾರೋ ನಾಲ್ವರು ಹುಡುಗರು ಕಡಲೆಕಾಯಿ ಹಿಂಡಿ ಮತ್ತು ತೌಡು ಕಲಸಿದ ಅರ್ಧ ಮೂಟೆಯನ್ನು ಒಂದೇ ಕಟ್ಟೆಯ ಮುಂದೆ ಸುರಿದು ಹೋಗಿದ್ದರು. ಮಂಗಳವಾರ ಹೋದಾಗ ಆ ಜಾಗದಲ್ಲಿ ನೀರಿನ ಮೇಲೆ ಬುರುಗು, ಹುಳಿ ಹತ್ತಿದ ಹಿಟ್ಟಿನ ವಾಸನೆ. ಇಲ್ಲಿ ಬಿಟ್ಟಿರುವ ಮೀನೆಲ್ಲ ಗೆಂಡೆ ಜಾತಿ, ಅವಕ್ಕೆ ಹೊಟ್ಟೆಚೀಲವೇ ಇಲ್ಲ, ಬಾಯಿಂದ ನೇರ ಕರುಳು. ಚೂರುಚೂರೇ ತಿನ್ನುವ ಪ್ರಾಣಿ. ಸೆಕೆಯಲ್ಲಿ ನಾನು ಗೋಲಿಗಿಂತ ಚಿಕ್ಕ ಉಂಡೆ ಕಟ್ಟುತ್ತೇನೆ, ಅದೂ ಅವತ್ತೇ ಬೇಯಿಸಿದ ಮುದ್ದೆ. ಹಿಂದಿನ ದಿನದ್ದು ಕಾರಿನಲ್ಲೇ ಹಳಸಿರುತ್ತದೆ.

ಈಗ ದೂರು. 2025ರ ಮೇ ತಿಂಗಳಲ್ಲಿ ಮಳೆ ಚೆನ್ನಾಗಿ ಹುಯ್ಯಿತು. ಭರಣಿ ಮಳೆ ಹನಿದ ಮಾರನೆಯ ದಿನವೇ ನಾನು ಖುಷಿಯಾಗಿ ಹೊರಟೆ. ತಂಪಾಗಿದೆ, ಹೊಸನೀರು ಬಂದಿದೆ, ಇನ್ನೇನು ಬೇಕು? ಗೇಟಿನಲ್ಲಿ 800 ತೆಗೆದುಕೊಂಡು ಚೀಟಿ ಕೊಟ್ಟರು. ಏರಿ ಹತ್ತಿದರೆ ಕೊಳೆತ ಮೊಟ್ಟೆಯ ವಾಸನೆ. ನೀರು ಕಾಫಿಬಣ್ಣ. ದಡದಲ್ಲಿ ಇಬ್ಬರು ಸತ್ತ ಮೀನನ್ನು ಪ್ಲಾಸ್ಟಿಕ್ ಕ್ರೇಟಿಗೆ ತುಂಬುತ್ತಿದ್ದರು, ಹೆಚ್ಚಿನವು ದೊಡ್ಡ ಕಾಟ್ಲಾ. ತಣ್ಣನೆ ಮಳೆನೀರು ಬಿದ್ದು ಮೇಲ್ನೀರು ಭಾರವಾಗಿ ಇಳಿದಿದೆ, ತಿಂಗಳುಗಟ್ಟಲೆ ತಳದಲ್ಲಿ ಕೂತಿದ್ದ ಉಸಿರಿಲ್ಲದ ನೀರು ಎದ್ದು ಬೆರೆತುಹೋಗಿದೆ. ಆ ರಾತ್ರಿಯೇ ಕರೆಂಟ್ ಹೋಗಿದೆ, ಜನರೇಟರಿಗೆ ಡೀಸೆಲ್ ಇರಲಿಲ್ಲವಂತೆ. ಬಿಸಿಲು ಸುಡುವಷ್ಟು ದಿನ ಕಾವಲಿದ್ದು, ಮಳೆ ಬಂತಲ್ಲ ಅಂತ ಮೈಮರೆತಿದ್ದಾರೆ. ಆಗುತ್ತದೆ ಬಿಡಿ. ಆದರೆ ಇಷ್ಟೆಲ್ಲ ಆಗಿರುವುದನ್ನು ಗೇಟಿನಲ್ಲಿ ಒಂದು ಮಾತು ಹೇಳದೆ ದುಡ್ಡು ಎಣಿಸಿಕೊಂಡರಲ್ಲ, ಅದು ನನಗೆ ಇವತ್ತಿಗೂ ಸಿಟ್ಟು. ಕೇಳಿದ್ದಕ್ಕೆ ವಾಪಸ್ ಕೊಡಲಿಲ್ಲ; ಇನ್ನೊಂದು ದಿನ ಬನ್ನಿ, ಇದೇ ಚೀಟಿ ನಡೆಯುತ್ತದೆ ಅಂದರು. ನಡೆಯಿತು, ಸುಳ್ಳು ಹೇಳಲಿಲ್ಲ. ಏರಿ ಇಳಿಯುವಾಗ ಯಜಮಾನರು ಮಾತ್ರ ತಲೆ ಎತ್ತಿ ನೋಡಲಿಲ್ಲ.

ಇನ್ನೆರಡು ಸಣ್ಣ ತಕರಾರು. ಕಟ್ಟೆಗಳ ಕಾಂಕ್ರೀಟ್ ಒಂಬತ್ತಕ್ಕೇ ಕಾವಲಿಯಂತೆ ಕಾಯುತ್ತದೆ, ಅದರ ಮೇಲೆ ಮೀನು ಮಲಗಿಸಿ ಫೋಟೊ ತೆಗೆಯುವವರನ್ನು ತಡೆಯುವವರಿಲ್ಲ. ಒಂದು ಒದ್ದೆ ಗೋಣಿಚೀಲ ಹಾಸಿಟ್ಟರೆ ಸಾಕಿತ್ತು. ನಾನು ಮನೆಯಿಂದಲೇ ಒಯ್ಯುತ್ತೇನೆ, ಕೈ ಒದ್ದೆ ಮಾಡಿಕೊಂಡು, ಮೀನನ್ನು ಆದಷ್ಟೂ ನೀರಿನಲ್ಲೇ ಇಟ್ಟು ಹುಕ್ ಬಿಡಿಸುತ್ತೇನೆ. ಬಿಟ್ಟ ಮೀನು ಸೆಕೆಯಲ್ಲಿ ಚೇತರಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ, ಬಾಲ ಬಡಿದು ತಾನಾಗಿ ಹೋಗುವವರೆಗೆ ಹಿಡಿದುಕೊಂಡಿರಬೇಕು. ಮತ್ತೆ, ಕುಡಿಯುವ ನೀರಿನ ಕ್ಯಾನು ಯಾವಾಗಲೂ ಬಿಸಿಲಲ್ಲೇ ಇರುತ್ತದೆ, ಯಾಕೋ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಮಳೆಗಾಲಕ್ಕಾದರೆ ನಾಲ್ಕೂವರೆ. ಈಗಂತೂ ಮಾರ್ಚ್ ಬಂದ ಮೇಲೆ ಹೊರಡುವ ಮುಂಚೆ ಫೋನ್ ಮಾಡಿ, ಮೀನು ಹೇಗಿದೆ ಅಂತ ಕೇಳುವುದನ್ನು ಬಿಟ್ಟಿದ್ದೇನೆ. "ರಾತ್ರಿ ಕರೆಂಟ್ ಇತ್ತಾ ಅಣ್ಣ?" ಅನ್ನುತ್ತೇನೆ. ಅವರು ಒಂದು ಗಳಿಗೆ ತಡೆದು "ಇತ್ತು ಬನ್ನಿ ಸಾ" ಅಂದರೆ, ಆ ಗಳಿಗೆ ಎಷ್ಟು ಉದ್ದ ಇತ್ತು ಅಂತ ಯೋಚಿಸಿ ಗಾಡಿ ತೆಗೆಯುತ್ತೇನೆ.