ಬಿ.ಎ. ಪದವಿಯ ಜೊತೆಗೆ ಡೆಲ್ಫ್ ಬಿ2: ಶುಲ್ಕಕ್ಕೆ ತಕ್ಕ ಪರೀಕ್ಷೆಯೇ?

ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಪತ್ರಿಕೋದ್ಯಮ ಓದಿ ಅಂತಾರಾಷ್ಟ್ರೀಯ ಸಂಸ್ಥೆಗಳ ಸಂವಹನ ವಿಭಾಗದ ಮೇಲೆ ಕಣ್ಣಿಟ್ಟವರಿಗೆ ಪದವಿಯೊಂದೇ ಸಾಲದು. ವಿಶ್ವಸಂಸ್ಥೆಯ ಸಚಿವಾಲಯದ ಕಾರ್ಯಭಾಷೆಗಳು ಇಂಗ್ಲಿಷ್ ಮತ್ತು ಫ್ರೆಂಚ್. ಫ್ರೆಂಚ್‌ನ ಕೊರತೆ ತುಂಬಲು ಡೆಲ್ಫ್ ಬಿ2, ಅಂದರೆ ಫ್ರೆಂಚ್ ಭಾಷಾ ಸಾಮರ್ಥ್ಯ ಪರೀಕ್ಷೆಯ ಮೇಲ್ಮಧ್ಯಮ ಹಂತ, ನಿಜಕ್ಕೂ ಒಳ್ಳೆಯ ಆಯ್ಕೆ. ಪ್ರಮಾಣಪತ್ರಕ್ಕೆ ಅವಧಿ ಮಿತಿಯಿಲ್ಲ. ಟಿಸಿಎಫ್ ಎಂಬ ಇನ್ನೊಂದು ಫ್ರೆಂಚ್ ಪರೀಕ್ಷೆಯ ಫಲಿತಾಂಶವಾದರೆ ಎರಡೇ ವರ್ಷ.

ಆಲಿಸುವುದು, ಓದುವುದು, ಬರೆಯುವುದು, ಮಾತಾಡುವುದು: ತಲಾ 25 ಅಂಕ. ಒಟ್ಟು 50 ಬಂದರೆ ಪಾಸ್. ಆದರೆ ಯಾವುದಾದರೂ ಒಂದರಲ್ಲಿ 5ಕ್ಕಿಂತ ಕಡಿಮೆಯಾದರೆ ಉಳಿದದ್ದೆಲ್ಲ ವ್ಯರ್ಥ.

ಕಲಾ ವಿಭಾಗದವರಿಗೆ ಇಲ್ಲಿ ಅನುಕೂಲ ಹೆಚ್ಚು. ಬರವಣಿಗೆಯಲ್ಲಿ ಒಂದು ಗಂಟೆಯೊಳಗೆ ಕನಿಷ್ಠ 250 ಪದಗಳಲ್ಲಿ ಒಂದು ನಿಲುವು ತಳೆದು ವಾದಿಸಬೇಕು. ಪ್ರಬಂಧ ಬರೆದು ಪಳಗಿದ ಕೈಗೆ ಅದು ಹೊಸದಲ್ಲ. ಎಡವುವುದು ಮೌಖಿಕದಲ್ಲಿ. 30 ನಿಮಿಷದ ತಯಾರಿಯಲ್ಲಿ ಹಲವರು ಪೂರ್ತಿ ಭಾಷಣ ಬರೆದಿಟ್ಟು ಅದನ್ನೇ ಓದುತ್ತಾರೆ, ಇಲ್ಲವೇ ಕೊಟ್ಟ ಲೇಖನದ ಸಾರಾಂಶ ಒಪ್ಪಿಸುತ್ತಾರೆ. ಪರೀಕ್ಷಕರಿಗೆ ಬೇಕಿರುವುದು ಲೇಖನ ಎತ್ತಿದ ಸಮಸ್ಯೆ, ಅದರ ಬಗ್ಗೆ ನಿಮ್ಮ ವಾದ, ಪ್ರಶ್ನೆ ಬಂದಾಗ ಅದನ್ನು ಸಮರ್ಥಿಸುವ ಬಗೆ. ಮುಖ್ಯಾಂಶಗಳನ್ನಷ್ಟೇ ಗುರುತು ಹಾಕಿಕೊಳ್ಳಿ.

ಆಲಿಸುವಿಕೆಗೆ ಪಠ್ಯಪುಸ್ತಕದ ಧ್ವನಿಮುದ್ರಿಕೆ ಸಾಲುವುದಿಲ್ಲ, ಅವು ತೀರಾ ನಿಧಾನ. ದಿನಾ ಫ್ರೆಂಚ್ ರೇಡಿಯೊ ವಾರ್ತೆ ಕೇಳಿ ಅಂಕಿ, ಹೆಸರು, ಅಭಿಪ್ರಾಯಗಳನ್ನು ಬೇರೆ ಬೇರೆಯಾಗಿ ಟಿಪ್ಪಣಿ ಮಾಡಬೇಕು. ಮೊದಲ ಹಂತವಾದ ಎ1ರಿಂದ ಒಂದೊಂದೇ ಪರೀಕ್ಷೆ ಕಟ್ಟುವ ಅಗತ್ಯವೂ ಇಲ್ಲ, ನೇರವಾಗಿ ಬಿ2 ಬರೆಯಬಹುದು. ಬೆಂಗಳೂರಿನವರಿಗೆ ವಸಂತನಗರದ ಫ್ರೆಂಚ್ ಭಾಷಾ ಸಂಸ್ಥೆ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲೇ ಪರೀಕ್ಷಾ ಕೇಂದ್ರವಿದೆ.